ಹದಿನೇಳನೆಯ ಪ್ರಶ್ನೆ

ರಬ್ಬರಿನಿಂದ ಉಜ್ಜಿದರೆ ಕಾಗದದ ಮೇಲೆ ಗೊತ್ತಾಗುತ್ತದೆಯೆ? ಗೊತ್ತಾದರೂ, ಅಲ್ಲಿ ಏನಿತ್ತು ಎಂದು ಯಾರು ಹೇಳಬಲ್ಲರು? ಅಥವಾ ಉಜ್ಜದೆ, ಇದ್ದದ್ದನ್ನು ಇದ್ದ ಹಾಗೇ ಒಯ್ದು ಸಮಿತಿಯ ಮೇಜಿನ ಮೇಲಿಟ್ಟರೆ? ಒಂದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಮೊದಲನೆಯದಕ್ಕೆ ಅವನೇನೂ ಹೆದರಿರಲಿಲ್ಲ.

ಪ್ಯೋ ಇನ್‌ಹ್ವಾನ್ ಪ್ರಯೋಗಾಲಯದ ಪಕ್ಕದ ಚಿಕ್ಕ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಐವತ್ತಾರು ವರ್ಷ. ಈ ಖಾಸಗಿ ಹೈಸ್ಕೂಲಿನಲ್ಲೇ ಇಪ್ಪತ್ತೆಂಟು ವರ್ಷ ಕಳೆದು ಈಗ ವಿಜ್ಞಾನ ವಿಭಾಗದ ಮುಖ್ಯಸ್ಥ. ಅವನ ಮುಂದೆ ಡಿಸೆಂಬರಿನ ಅಂತಿಮ ಪರೀಕ್ಷೆಯ ಭೂವಿಜ್ಞಾನದ ಪತ್ರಿಕೆ ಬಿದ್ದಿತ್ತು. ಶಾಲೆಯಲ್ಲಿ ಯಾವ ಪತ್ರಿಕೆಯೂ ಅಚ್ಚಿಗೆ ಹೋಗುವ ಮೊದಲು, ಬರೆದವರಲ್ಲದ ಇನ್ನೊಬ್ಬ ಮೇಷ್ಟ್ರು ಕೂತು, ಉತ್ತರಸೂಚಿ ನೋಡದೆ, ವಿದ್ಯಾರ್ಥಿಯ ಹಾಗೆ ಎಲ್ಲ ಪ್ರಶ್ನೆಗಳನ್ನೂ ಬಿಡಿಸಬೇಕು. ಆಮೇಲೆ ಕೆಳಗೆ ತನ್ನ ಹೆಸರಿನ ಕೆಂಪು ಮುದ್ರೆ ಒತ್ತಬೇಕು. ಪತ್ರಿಕೆ ಬರೆದವಳು ತಾಕ್ ಯೊನ್‌ಜು. ಬಿಡಿಸಿ ಮುದ್ರೆ ಒತ್ತಿದವನು ಇವನು. ಹದಿನೇಳನೆಯ ಪ್ರಶ್ನೆಯ ನಾಲ್ಕನೆಯ ಆಯ್ಕೆಯ ಸುತ್ತ ಪೆನ್ಸಿಲಿನ ಒಂದು ಸುತ್ತು ಇತ್ತು. ಅದೂ ಇವನದೇ.

ಪ್ರಶ್ನೆ ಉದ್ದವೇನೂ ಇರಲಿಲ್ಲ. ಚಾಂದ್ರಮಾನದ ಎಂಟನೆಯ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ನೊಲ್ಮೊಕ್ ಹಳ್ಳಿಯ ತೀರದ ಕಟ್ಟೆಯಲ್ಲಿ ಸಮುದ್ರ ಪೂರ್ತಿ ಉಬ್ಬಿತು. ಮರುದಿನ ಮಧ್ಯಾಹ್ನ ಅದು ಉಬ್ಬುವ ಹೊತ್ತು ಇವುಗಳಲ್ಲಿ ಯಾವುದಕ್ಕೆ ಹತ್ತಿರ? ಮೂರನೆಯ ಆಯ್ಕೆ, ಮೂರೂವರೆ. ನಾಲ್ಕನೆಯದು, ನಾಲ್ಕು ಗಂಟೆ.

ಪಠ್ಯಪುಸ್ತಕದಲ್ಲಿ ಒಂದು ಸಾಲು ಇದೆ: ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಎರಡು ನಲವತ್ತಕ್ಕೆ ಐವತ್ತು ಕೂಡಿಸಿದರೆ ಮೂರೂವರೆ. ಊರಿನ ಟ್ಯೂಷನ್ ಕೇಂದ್ರಗಳಲ್ಲಿ ಹುಡುಗರು ಆ ಐವತ್ತನ್ನು ಬಾಯಿಪಾಠ ಮಾಡಿದ್ದರು. ಆದರೆ ಐವತ್ತು ಎಂಬುದು ತಿಂಗಳ ಸರಾಸರಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ತಡ ಕಡಿಮೆ. ಅರ್ಧಚಂದ್ರನಿರುವಾಗ ಒಂದು ಗಂಟೆ ದಾಟುತ್ತದೆ. ಯೊನ್‌ಜು ನವೆಂಬರಿನಲ್ಲಿ ಕಟ್ಟೆಯ ತುದಿಗೆ ಬಣ್ಣದ ಗೆರೆ ಎಳೆದ ಒಂದು ಕೋಲು ನೆಡಿಸಿ, ಹುಡುಗರನ್ನು ಇಬ್ಬಿಬ್ಬರಂತೆ ಹದಿನೈದು ದಿನ ಅಲ್ಲಿ ಕಾಯಿಸಿ, ನೀರು ಯಾವ ಗಳಿಗೆಗೆ ಮೇಲಕ್ಕೆ ಮುಟ್ಟಿತು ಎಂದು ಬರೆಸಿದ್ದಳು. ಕೋಲಿನ ಮುಂದೆ ನಿಂತವರು ಪರೀಕ್ಷೆಯಲ್ಲಿ ನಾಲ್ಕು ಗಂಟೆ ಎಂದು ಬರೆದರು. ಪುಸ್ತಕದ ಮುಂದೆ ಕೂತವರು ಮೂರೂವರೆ ಎಂದರು. ಎಪ್ಪತ್ತಾರು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ಒಂದು ಕಡೆ, ನಲವತ್ತೊಂದು ಮಂದಿ ಇನ್ನೊಂದು ಕಡೆ, ಉಳಿದ ಆರು ಮಂದಿ ಎರಡೂ ಅಲ್ಲದ ಕಡೆ. ಎಪ್ಪತ್ತಾರರಲ್ಲಿ ಮೊದಲ ದರ್ಜೆ ಸಿಗುವುದು ಮೂವರಿಗೆ ಮಾತ್ರ.

ಫೋನುಗಳು ಪರೀಕ್ಷೆ ಮುಗಿದ ಸಂಜೆಯೇ ಶುರುವಾಗಿದ್ದವು. ಇವತ್ತು ಬೆಳಿಗ್ಗೆ ಹಾ ಜುನ್‌ಸೊನ ತಾಯಿ ಖುದ್ದಾಗಿ ಬಂದಳು. ಪೇಟೆಯ ಕಣ್ಣಿನ ಡಾಕ್ಟರ ಹೆಂಡತಿ. ಮಗ ನಾಲ್ಕನೆಯ ಸ್ಥಾನದಲ್ಲಿದ್ದ. ಉಪಪ್ರಾಂಶುಪಾಲ ಕಾಮ್‌ನ ಕೋಣೆಯಲ್ಲಿ ಅವಳು ಕೋಟು ಬಿಚ್ಚದೆ ಕೂತಳು. ಕೊಟ್ಟ ಬಾರ್ಲಿ ಚಹಾ ಮುಟ್ಟಲಿಲ್ಲ.

"ನಾನು ಜಗಳಕ್ಕೆ ಬಂದಿಲ್ಲ," ಎಂದಳು. "ಸರ್ಕಾರದ ಉಬ್ಬರದ ಪಟ್ಟಿ ನಾನೂ ತೆಗೆದು ನೋಡಿದೀನಿ. ನಾಲ್ಕು ಗಂಟೆ ಅಂತಾನೇ ಇದೆ. ಇರಲಿ. ಸಮುದ್ರ ಏನು ಮಾಡುತ್ತೆ ಅನ್ನೋದು ಕಟ್ಟಿಕೊಂಡು ನನಗೇನಾಗ್ಬೇಕು? ಪುಸ್ತಕ ಏನು ಹೇಳುತ್ತೆ ಅದನ್ನ ಕೇಳಿ."

"ಸಮುದ್ರ ನಮ್ಮ ಸಿಲಬಸ್‌ನಲ್ಲಿ ಇಲ್ಲ ಬಿಡಿ," ಎಂದು ಕಾಮ್ ನಕ್ಕ. ಅವಳು ನಗಲಿಲ್ಲ.

"ಕಟ್ಟೆಗೆ ಬಂದೋರಿಗೆ ಮಾತ್ರ ಗೊತ್ತಾಗೋ ಪ್ರಶ್ನೆನ ಎಲ್ಲರಿಗೂ ಕೇಳಿದ್ರೆ ಅದು ಪರೀಕ್ಷೆ ಅಲ್ಲ. ನನ್ನ ಮಗನಿಗೆ ಶೀತ, ಡಾಕ್ಟರ ಚೀಟಿ ಕೊಟ್ಟಿದ್ದೆ."

"ಅವರಪ್ಪ ಬರೆದುಕೊಟ್ಟ ಚೀಟಿ," ಎಂದ ಪ್ಯೋ. ಬೇಕೆಂದೇ ಅಂದದ್ದಲ್ಲ, ಬಾಯಿಂದ ಜಾರಿತು.

"ಹೌದು, ಅವರಪ್ಪ ಡಾಕ್ಟರು. ತಪ್ಪೇ?" ಅವಳು ಅವನ ಕಡೆ ತಿರುಗಿದಳು. "ಚಳೀಲಿ, ಮೊಣಕಾಲವರೆಗೆ ಕೆಸರಲ್ಲಿ, ಮಕ್ಕಳನ್ನ ಇಳಿಸ್ತಾರೆ. ಆ ಚಿಪ್ಪು ಹೆಕ್ಕೋ ಹೆಂಗಸರ ತರ! ಅದಕ್ಕಾ ನಾವು ಈ ಸ್ಕೂಲಿಗೆ ಹಾಕಿದ್ದು? ಪರಿಶೀಲನೆ ಮಾಡಿದ ಮೇಷ್ಟ್ರು ಯಾರು?"

"ನಾನೇ."

"ಹಾಗಾದ್ರೆ ನಿಮ್ಮಿಂದಲೇ ತೀರ್ಮಾನ ಆಗಲಿ. ನೀವು ಕೋಲು ನೋಡಿಕೊಂಡು ಹದಿನೈದು ದಿನ ಕೂತೋರಲ್ಲ. ನೀವು ಬಿಡಿಸಿದಾಗ ಯಾವ ಉತ್ತರ ಬಂತು? ನಾಲ್ಕು ಬಂದಿದ್ರೆ ಹೇಳಿ, ಕಟ್ಟೆಗೆ ಹೋಗದೇನೂ ಬಿಡಿಸಬಹುದು ಅಂತಾಯ್ತು, ನಾನು ಸುಮ್ಮನೆ ಎದ್ದು ಹೋಗ್ತೀನಿ. ಇಲ್ಲಾಂದ್ರೆ ನನ್ನ ಮಗ ಮಾಡಿದ ತಪ್ಪೇನು?"

ಪ್ಯೋ ಬಾಯಿ ತೆರೆಯುವ ಮೊದಲೇ ಕಾಮ್ ಕೈಯೆತ್ತಿದ. "ಸಂಜೆ ಐದಕ್ಕೆ ಅಂಕಗಳ ಸಮಿತಿ ಸೇರುತ್ತೆ. ಪ್ಯೋ ಮೇಷ್ಟ್ರು ತಮ್ಮ ಪ್ರತಿ ತರ್ತಾರೆ. ಅಲ್ಲೇ ಇತ್ಯರ್ಥ."

ಅವಳು ಹೋದ ಮೇಲೆ ಕಾಮ್ ಅವಳು ಮುಟ್ಟದ ಚಹಾವನ್ನು ತಾನೇ ಕುಡಿದ.

"ಎರಡೂ ಉತ್ತರ ಸರಿ ಅಂತ ಮಾಡಿಬಿಟ್ರೆ ಎಲ್ಲರಿಗೂ ನೆಮ್ಮದಿ."

"ಎಲ್ಲರಿಗೂ?"

"ಮೂರನೇ ಸ್ಥಾನದಲ್ಲಿ ಯಾರಿದಾರೆ?"

"ಗಿಲ್ ದಾನ್‌ಬಿ."

"ಯಾರ ಮಗಳು?"

"ನೊಲ್ಮೊಕ್‌ನ ಹುಡುಗಿ. ಅಜ್ಜಿ ಜೊತೆ ಇರೋದು. ಗ್ವಾಂಗ್ಜು ನಗರದಲ್ಲಿ ಟೀಚರ್ ಟ್ರೈನಿಂಗ್ ಓದ್ಬೇಕು ಅಂತಿದಾಳೆ. ಮೊದಲ ದರ್ಜೆ ಇದ್ರೆ ಶಾಲೆಯ ಶಿಫಾರಸು ಅವಳಿಗೇ."

"ಅಜ್ಜಿ ಜೊತೆ," ಎಂದು ಕಾಮ್ ತಲೆದೂಗಿದ. "ಅಂದ್ರೆ ಫೋನ್ ಮಾಡೋರು ಯಾರೂ ಇಲ್ಲ."

ಪ್ಯೋ ತಲೆಬಾಗಿಸಿ ಹೊರಗೆ ಬಂದ. ಮಧ್ಯಾಹ್ನ ಊಟದ ಮನೆಯಲ್ಲಿ ಉಳಿದ ಮೇಷ್ಟ್ರುಗಳು ಯೊನ್‌ಜು ಕೂತ ಮೇಜನ್ನು ಬಿಟ್ಟು ಬೇರೆ ಮೇಜುಗಳಲ್ಲಿ ಒತ್ತಿಕೊಂಡು ಕೂತಿದ್ದರು. ಅವತ್ತು ಬೇಯಿಸಿದ ಕಪ್ಪೆಚಿಪ್ಪು ಬಡಿಸಿದ್ದರು. ಗಣಿತದ ಮೇಷ್ಟ್ರು ದೊಡ್ಡ ದನಿಯಲ್ಲಿ, "ಮೇಡಂ, ಇದನ್ನ ತಿನ್ನಬಹುದಾ, ಇಲ್ಲ ಮೊದಲು ಹದಿನೈದು ದಿನ ಕಾದು ನೋಡ್ಬೇಕಾ?" ಎಂದ. ಎಲ್ಲರೂ ನಕ್ಕರು. ಯೊನ್‌ಜು ಚಿಪ್ಪಿನ ಹಿಂಬದಿಯ ಸಂದಿಗೆ ಚಮಚ ಹೊಗಿಸಿ ತಿರುಗಿಸಿದಳು. ಚಿಪ್ಪು ಲಟಕ್ಕೆಂದು ಬಿಚ್ಚಿಕೊಂಡಿತು. ಹಾಗೆ ಬಿಡಿಸುವುದನ್ನು ಅವಳಿಗೆ ನೊಲ್ಮೊಕ್‌ನ ಹೆಂಗಸರು ಕಲಿಸಿರಬೇಕು. ಪ್ಯೋ ಬೇರೆ ಕಡೆ ನೋಡಿದ.

ಅವಳನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷದವಳು, ವರ್ಷವರ್ಷಕ್ಕೂ ಕರಾರು ಬರೆಯುವ ಶಿಕ್ಷಕಿ. ರಾಜಧಾನಿ ಸೋಲ್‌ನಿಂದ ಬಂದವಳು. ಸೋಲ್‌ನಿಂದ ಬಂದವರಿಗೆ ಕೆಸರು ಎಂದರೆ ನೋಡುವ ವಸ್ತು. ವಿಭಾಗದ ಮೊದಲ ಸಭೆಯಲ್ಲೇ ಅವಳು, ಮಕ್ಕಳು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಕಲಿಯಬೇಕು ಎಂದಿದ್ದಳು. ಅವನು ಅವಳ ಮಾತನ್ನು ನಡುವೆಯೇ ಕತ್ತರಿಸಿದ್ದ.

"ಕೆಸರು ಮುಟ್ಟಿ ಕಲಿಯೋಕೆ ಸ್ಕೂಲು ಯಾಕೆ ಬೇಕು? ಪುಸ್ತಕ ಮುಟ್ಟದೆ ಇರೋರು ಅದನ್ನ ತಾವಾಗೇ ಕಲೀತಾರೆ."

"ಅವರು ಕಲಿತದ್ದು ಕೆಲವು ಸಲ ಪುಸ್ತಕಕ್ಕಿಂತ ಸರಿಯಾಗಿರುತ್ತೆ, ಸರ್," ಎಂದಿದ್ದಳು ಅವಳು. ಮೆತ್ತಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ.

ಅವನ ಸಿಟ್ಟು ಅವಳಿಗೆ ಅರ್ಥವಾಗುವ ಬಗೆಯದಾಗಿರಲಿಲ್ಲ. ಹುಟ್ಟೂರು ನೊಲ್ಮೊಕ್‌ನಲ್ಲಿ, ಅವನಿಗೆ ಒಂಬತ್ತು ವರ್ಷವಿದ್ದಾಗ, ಇಳಿತದ ಹೊತ್ತಿಗೆ ಅವ್ವನ ಹಿಂದೆ ಹಿಂದೆ ಕೆಸರಿಗೆ ಇಳಿದಿದ್ದ. ಅವ್ವ ಒಂದು ಮೊಣಕಾಲನ್ನು ಜಾರುವ ಹಲಗೆಯ ಮೇಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಒದೆಯುತ್ತ ಕಪ್ಪೆಚಿಪ್ಪು ಹೆಕ್ಕಲು ಹೋಗುತ್ತಿದ್ದಳು. ತಿರುಗಿ ನೋಡಿದವಳಿಗೆ ಮಗನ ಕಾಲು ಕಂಡಿತು. ಅವತ್ತು ಮನೆಗೆ ಬಂದು, ಅವನ ಪ್ಯಾಂಟು ಮೇಲೆತ್ತಿಸಿ ನಿಲ್ಲಿಸಿ, ಮೀನಖಂಡದ ಮೇಲೆ ಹಸಿ ಬರಲಿನಿಂದ ಬಾರಿಸಿದಳು. "ಈ ಕಾಲು ಇನ್ನೊಂದ್ಸಲ ಅಲ್ಲಿಗೆ ಇಳಿದ್ರೆ ಕತ್ತರಿಸಿ ಹಾಕ್ತೀನಿ. ನೀನು ಪುಸ್ತಕ ಹಿಡಿ. ಬರೀ ಪುಸ್ತಕ." ಹೊಡೆಯುತ್ತಿದ್ದ ಕೈಯ ಉಗುರುಗಳ ಸಂದಿಯಲ್ಲಿ ಕೆಸರು ಇತ್ತು. ಹದಿಮೂರಕ್ಕೆ ಅವನನ್ನು ಗ್ವಾಂಗ್ಜುವಿನ ಚಿಕ್ಕಮ್ಮನ ಮನೆಗೆ ಸಾಗಹಾಕಿದಳು. ಅವ್ವ ತೀರಿಕೊಂಡು ಈಗ ಹನ್ನೊಂದು ವರ್ಷ. ಕೆಲಸ ಸಿಕ್ಕಿದ್ದು ಮಾತ್ರ ನೊಲ್ಮೊಕ್‌ನಿಂದ ಎರಡು ಬೆಟ್ಟ ಆಚೆಗಿನ ಈ ಪೇಟೆಯಲ್ಲೇ. ಸೇರಿದ ವಾರ ಯಾರೋ ಊರು ಕೇಳಿದರು. ಗ್ವಾಂಗ್ಜು ಎಂದ. ತಂದೆ? ಕಚೇರಿಯಲ್ಲಿ ಗುಮಾಸ್ತರಾಗಿದ್ದರು ಎಂದ. ಇಪ್ಪತ್ತೆಂಟು ವರ್ಷದಲ್ಲಿ ಆ ಗುಮಾಸ್ತ ಎಷ್ಟು ಗಟ್ಟಿಯಾಗಿ ಬೆಳೆದಿದ್ದನೆಂದರೆ, ಅವನ ಕನ್ನಡಕ, ಅವನ ಸಿಡುಕು, ಅವನಿಗೆ ಇಷ್ಟವಾದ ತಣ್ಣನೆಯ ಶಾವಿಗೆ, ಎಲ್ಲವೂ ಸಹೋದ್ಯೋಗಿಗಳಿಗೆ ಗೊತ್ತಿತ್ತು.

ಅವ್ವ ತೆಗೆದು ಎಸೆದದ್ದನ್ನು ಈ ಸೋಲ್‌ನ ಹುಡುಗಿ ಬಂದು ಪಾಠ ಎಂದು ಬಡಿಸುತ್ತಿದ್ದಾಳೆ. ಅವನಿಗೆ ಅನಿಸಿದ್ದು ಇಷ್ಟೇ.

ನವೆಂಬರಿನಲ್ಲಿ ಇಡೀ ತರಗತಿ ಒಂದು ದಿನ ಕೆಸರಿಗೆ ಇಳಿಯುವಾಗ, ಜವಾಬ್ದಾರಿಗೆ ಹಿರಿಯರೊಬ್ಬರು ಇರಲೇಬೇಕೆಂದು ಕಾಮ್ ಅವನನ್ನು ಕಳಿಸಿದ. ಹುಣ್ಣಿಮೆಯ ಮರುದಿನ, ದೊಡ್ಡನೀರಿನ ಇಳಿತ. ಕಣ್ಣು ಹಾಯುವಷ್ಟು ದೂರ ಬೂದುಬಣ್ಣದ ಕೆಸರು ಬಿಚ್ಚಿಕೊಂಡಿತ್ತು. ಹುಡುಗರು ಕಿರುಚುತ್ತ ಇಳಿದರು. ಯೊನ್‌ಜು ಸೊಂಟದವರೆಗಿನ ರಬ್ಬರು ಪ್ಯಾಂಟಿನಲ್ಲಿ ಅವರಿಗಿಂತ ಮುಂದಿದ್ದಳು. ಪ್ಯೋ ಪಾಲಿಶ್ ಹಾಕಿದ ಬೂಟಿನಲ್ಲಿ ಕಟ್ಟೆಯ ಮೇಲೆ ನಿಂತಿದ್ದ. ದಾನ್‌ಬಿಯ ಅಜ್ಜಿ ಹಲಗೆ ತಳ್ಳಿಕೊಂಡು ಬಂದು ಕಟ್ಟೆಯ ಬುಡದಲ್ಲಿ ನಿಂತಳು. ತಲೆಗೆ ಕಟ್ಟಿದ ಬಟ್ಟೆಯ ಕೆಳಗಿಂದ ಅವನನ್ನೇ ದಿಟ್ಟಿಸಿದಳು.

"ಏ ಬೂಟಿನಪ್ಪಾ! ನೀನು ಜಾಂಗ್‌ಹುಂಗ್‌ನೋಳ ಮಗ ಅಲ್ವೇನ್ಲಾ?"

ಹುಡುಗರು ತಿರುಗಿ ನೋಡಿದರು. ದಾನ್‌ಬಿಯೂ ನೋಡಿದಳು. ಜಾಂಗ್‌ಹುಂಗ್‌ನಿಂದ ಮದುವೆಯಾಗಿ ಬಂದ ಅವ್ವನಿಗೆ ನೊಲ್ಮೊಕ್‌ನಲ್ಲಿ ಬೇರೆ ಹೆಸರೇ ಇರಲಿಲ್ಲ.

"ಇಲ್ಲಮ್ಮಾ," ಎಂದ. "ನಾನು ಗ್ವಾಂಗ್ಜುವಿನವನು."

"ಹಂಗಾ? ಆ ಕಿವಿ ಮಾತ್ರ ಅವಳ ಗಂಡಂದೇ ಕಣಪ್ಪಾ. ಎಲ್ಲಿಂದ ಸಿಕ್ತೋ ನಿಂಗೆ!" ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಹಲಗೆ ತಿರುಗಿಸಿಕೊಂಡು ಹೋದಳು. ಹುಡುಗರೂ ನಕ್ಕರು. ದಾನ್‌ಬಿ ಮಾತ್ರ ನಗದೆ ಅವನ ಕಿವಿಯನ್ನು ನೋಡಿದಳು.

ಅದಾದ ಎರಡು ವಾರಕ್ಕೆ ಈ ಪತ್ರಿಕೆ ಪರಿಶೀಲನೆಗೆ ಬಂತು. ಅವನು ಯಾವ ಯೋಚನೆಯೂ ಇಲ್ಲದೆ ಬಿಡಿಸುತ್ತ ಹೋಗಿದ್ದ. ಹದಿನೇಳಕ್ಕೆ ಬಂದಾಗ ಪುಸ್ತಕದ ಐವತ್ತು ನಿಮಿಷ ಅವನ ತಲೆಗೆ ಹೊಳೆಯಲೇ ಇಲ್ಲ. ಎಂಟನೆಯ ದಿನ, ಅರ್ಧಚಂದ್ರ, ಉಬ್ಬರ ತಗ್ಗುವ ಸಣ್ಣನೀರು. ನೊಲ್ಮೊಕ್‌ನಲ್ಲಿ ದಿನಗಳಿಗೆ ಒಂದ್ನೀರು, ಎರಡ್ನೀರು, ಮೂರ್ನೀರು ಎಂದು ಹೆಸರು. ಸಣ್ಣನೀರಿನ ಮುಂಜಾನೆ ಅವ್ವ, "ಇವತ್ತು ನಿನ್ನೆ ಹೊತ್ತಿಗೆ ಏಳೋದು ಬೇಡ, ಒಂದು ಗಂಟೆ ಮೇಲೆ ಮಲ್ಕೋಬಹುದು," ಎಂದು ಅವನ ಪಕ್ಕದಲ್ಲೇ ಬಿದ್ದುಕೊಳ್ಳುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಒಂದು ಗಂಟೆಯನ್ನು ಅವನು ಬೆರಳ ಗೆಣ್ಣುಗಳ ಮೇಲೆ ಎಣಿಸಿ ಕಾಯುತ್ತಿದ್ದ. ನಲವತ್ತೇಳು ವರ್ಷಗಳ ಮೇಲೆ ಅವನ ಪೆನ್ಸಿಲು ತಾನಾಗಿ ನಾಲ್ಕನ್ನು ಸುತ್ತಿತ್ತು. ಉತ್ತರಸೂಚಿಯಲ್ಲೂ ನಾಲ್ಕೇ ಇತ್ತು. ಮುದ್ರೆ ಒತ್ತಿದ.

ಬಾಗಿಲು ತಟ್ಟಿದ ಸದ್ದಾಯಿತು. ಅವನು ಪತ್ರಿಕೆಯ ಮೇಲೆ ಒಂದು ಫೈಲು ಎಳೆದುಕೊಂಡ. ಯೊನ್‌ಜು ಒಳಗೆ ಬಂದಳು. ಅವಳು ಕೂರಲಿಲ್ಲ, ಅವನೂ ಕೂರಲು ಹೇಳಲಿಲ್ಲ.

"ಸರ್, ನಿಮ್ಮ ಪ್ರತೀಲಿ ಹದಿನೇಳಕ್ಕೆ ನಾಲ್ಕು ಅಂತ ಇರುತ್ತೆ ಅಲ್ವಾ?"

"ಯಾಕೆ ಹಾಗಂದುಕೊಂಡಿದೀಯ?"

"ಬೇರೆ ಇದ್ದಿದ್ರೆ ಮುದ್ರೆ ಒತ್ತುವಾಗಲೇ ನನ್ನ ಕರೆದು ಬೈತಿದ್ರಿ. ನನ್ನ ಒಂದು ಕಾಗುಣಿತದ ತಪ್ಪನ್ನೂ ನೀವು ಬಿಟ್ಟೋರಲ್ಲ."

ಅದು ನಿಜವಾಗಿತ್ತು. ಅವನು ಮಾತು ತಿರುಗಿಸಿದ.

"ನಿನ್ನ ಕೋಲು, ನಿನ್ನ ಕೆಸರು. ಪುಸ್ತಕದಲ್ಲಿ ಇರೋದನ್ನ ಕೇಳಿದ್ರೆ ಇದ್ಯಾವುದೂ ಬರ್ತಿರ್ಲಿಲ್ಲ. ಹುಡುಗರ ಭವಿಷ್ಯದ ಮೇಲೆ ಆಟ ಆಡ್ತಿದೀಯ."

"ಆಟ ಅಲ್ಲ ಸರ್. ದಾನ್‌ಬಿ ವರ್ಷವಿಡೀ ಕ್ಲಾಸಲ್ಲಿ ಬಾಯಿ ಬಿಟ್ಟವಳಲ್ಲ. ಕಟ್ಟೆ ಮೇಲೆ ಮೊದಲ ದಿನವೇ, ಮೇಡಂ, ಅರ್ಧಚಂದ್ರ ಬಂದಾಗ ನೋಡಿ, ಪುಸ್ತಕ ಸುಳ್ಳಾಗುತ್ತೆ ಅಂದಳು. ಆಯ್ತು ನೋಡೋಣ ಅಂತ ಹದಿನೈದು ದಿನ ಕಾದ್ವಿ. ಅವಳು ಹೇಳಿದ ಹಾಗೇ ಆಯ್ತು. ಆಗ ಅವಳ ಮುಖ ನೀವು ನೋಡ್ಬೇಕಿತ್ತು."

"ಅವಳಿಗೆ ಅದು ಯಾರು ಹೇಳಿಕೊಟ್ರು ಗೊತ್ತಾ? ಚಳೀಲಿ ಬೆರಳು ಒಡೆದುಕೊಂಡೋರು. ಅದನ್ನ ಮರೀಲಿ ಅಂತಾನೇ ಅವಳನ್ನ ಇಲ್ಲಿಗೆ ಕಳಿಸಿರೋದು. ನೀನು ಅವಳ ಕೈ ಹಿಡಿದು ವಾಪಸ್ಸು ಅಲ್ಲಿಗೇ ಕರ್ಕೊಂಡು ಹೋಗ್ತಿದೀಯ."

"ಕರಾರು ಹೋದ್ರೆ ನನಗೆ ಬೇರೆ ಊರು ಸಿಗುತ್ತೆ," ಎಂದಳು ಯೊನ್‌ಜು. "ಅವಳಿಗೆ ಇದೊಂದೇ ಪರೀಕ್ಷೆ. ನೀವು ನನ್ನ ಪರ ಮಾತಾಡೋದು ಬೇಡ ಸರ್. ನಿಮ್ಮ ಪ್ರತಿ ತಂದು ಅಲ್ಲಿಡಿ, ಸಾಕು."

ಅವಳು ಬಾಗಿಲೆಳೆದುಕೊಂಡು ಹೋದಳು. ಅವನು ಫೈಲು ಸರಿಸಿದ. ಪ್ರತಿ ಒಯ್ದಿಟ್ಟರೆ ಕಾಮ್ ಕೇಳುತ್ತಾನೆ: ಕಟ್ಟೆಗೆ ಇಳಿಯದ ನಿಮಗೆ ನಾಲ್ಕು ಹೇಗೆ ಬಂತು? ಪುಸ್ತಕದಲ್ಲಿ ಇಲ್ಲ, ಭೂವಿಜ್ಞಾನ ಅವನ ವಿಷಯವೂ ಅಲ್ಲ. ಉತ್ತರಸೂಚಿ ನೋಡಿ ಬರೆದೆ ಎಂದರೆ ಗುರುತಿಗೆ ಬೆಲೆಯಿಲ್ಲ. ಇನ್ನು ಉಳಿಯುವುದು ಒಂದೇ ಉತ್ತರ. ಅದರ ಜೊತೆಗೆ ಗುಮಾಸ್ತ ಸಾಯುತ್ತಾನೆ. ಕಟ್ಟೆಯ ಮೇಲೆ ಹುಡುಗರೆದುರು ಆಡಿದ ಸುಳ್ಳು ಹೊರಬೀಳುತ್ತದೆ. ಆ ಹೆಂಗಸರ ತರ ಎಂದವಳ ಮುಂದೆ, ಆ ಹೆಂಗಸರಲ್ಲಿ ಒಬ್ಬಳ ಮಗ ನಾನು ಎನ್ನಬೇಕಾಗುತ್ತದೆ.

ಅವನು ಉಜ್ಜಿದ. ಒಮ್ಮೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಉಜ್ಜಿದ. ರಬ್ಬರಿನ ಪುಡಿಯನ್ನು ಅಂಗೈಗೆ ಒಟ್ಟು ಮಾಡಿ ಜೇಬಿಗೆ ಹಾಕಿಕೊಂಡ.

ಸಮಿತಿಯಲ್ಲಿ ಏಳು ಜನರಿದ್ದರು. ಕಾಮ್ ಅಧ್ಯಕ್ಷನ ಕುರ್ಚಿಯಲ್ಲಿ ಕೂತಿದ್ದ. ಯೊನ್‌ಜುವನ್ನು ಮೇಜಿನ ಕೊನೆಯಲ್ಲಿ, ಬಾಗಿಲ ಹತ್ತಿರ ಕೂರಿಸಿದ್ದರು. ಅವಳು ಹುಡುಗರು ಬರೆದ ಹದಿನೈದು ದಿನಗಳ ಲೆಕ್ಕದ ಪುಸ್ತಕವನ್ನು ತಂದಿದ್ದಳು. ಅಂಚುಗಳಲ್ಲಿ ಕೆಸರಿನ ಕಲೆ. ಅದು ಕೈಯಿಂದ ಕೈಗೆ ಹೋಯಿತು.

"ಚಿತ್ರ ಚೆನ್ನಾಗಿ ಬರೆದಿದಾರೆ ಮಕ್ಕಳು," ಎಂದರು ಭಾಷೆಯ ಮೇಷ್ಟ್ರು. "ಇದು ಡ್ರಾಯಿಂಗ್ ಪರೀಕ್ಷೆಯಾಗಿದ್ರೆ ನಾನು ಪೂರ್ತಿ ಅಂಕ ಕೊಡ್ತಿದ್ದೆ."

"ಮೇಡಂ, ನಲವತ್ತೊಂದು ಜನ ಬರೆದದ್ದು ತಪ್ಪು ಅಂತೀರಾ?" ಎಂದ ಗಣಿತದವನು.

"ನಲವತ್ತೊಂದು ಜನ ಹೇಳಿದ್ರೂ ನೀರು ಬೇಗ ಬರಲ್ಲ," ಎಂದಳು ಯೊನ್‌ಜು.

"ನಾಲಿಗೆ ನೋಡಿ ಹೇಗಿದೆ." ಕಾಮ್ ಮುಗುಳ್ನಕ್ಕ. "ಇದನ್ನೆಲ್ಲ ಬಿಡೋಣ. ಒಂದೇ ವಿಷಯ. ಪರಿಶೀಲಿಸಿದವರಿಗೆ ಏನು ಉತ್ತರ ಬಂತು? ಪ್ಯೋ ಮೇಷ್ಟ್ರೇ, ಪ್ರತಿ ಕೊಡಿ."

ಪ್ಯೋ ಕೊಟ್ಟ. ಕಾಮ್ ಪುಟ ತಿರುಗಿಸಿದ. ಹದಿನಾರಕ್ಕೆ ಸುತ್ತು, ಹದಿನೆಂಟಕ್ಕೆ ಸುತ್ತು.

"ಹದಿನೇಳಕ್ಕೆ ನಿಮ್ಮ ಗುರುತೇ ಇಲ್ವಲ್ಲ?"

"ಅದನ್ನ ನಾನು ಬಿಡಿಸಲಿಲ್ಲ." ಮಾತು ಅವನೆಣಿಸಿದ್ದಕ್ಕಿಂತ ಸಲೀಸಾಗಿ ಬಂತು. "ಹೊತ್ತಾಗಿತ್ತು. ಉತ್ತರಸೂಚಿ ನಂಬಿ ಮುದ್ರೆ ಒತ್ತಿದೆ. ನನ್ನ ತಪ್ಪು."

ಇಪ್ಪತ್ತೆಂಟು ವರ್ಷದಲ್ಲಿ ಪ್ಯೋ ಮೇಷ್ಟ್ರು ಒಂದು ಪ್ರಶ್ನೆ ಬಿಡಿಸದೆ ಮುದ್ರೆ ಒತ್ತಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಕಾಮ್ ಮಾತ್ರ ಆಶ್ಚರ್ಯಪಡಲಿಲ್ಲ.

"ಈಗ ಬಿಡಿಸಿ. ಪುಸ್ತಕದ ಪ್ರಕಾರ ಎಷ್ಟು?"

"ಪುಸ್ತಕದ ಪ್ರಕಾರ ಮೂರೂವರೆ."

"ಆಯ್ತಲ್ಲ."

ಪತ್ರಿಕೆ ಮೇಜಿನ ಉದ್ದಕ್ಕೂ ಸರಿದು ಯೊನ್‌ಜುವಿನ ಕೈಗೆ ಬಂತು. ಅವಳು ಅದನ್ನು ಎತ್ತಿ, ಹದಿನೇಳರ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿ ಕಾಗದ ಸ್ವಲ್ಪ ಎದ್ದಿತ್ತು. ಅವಳು ಮೇಜಿನ ಆ ತುದಿಯಿಂದ ಅವನ ಕಡೆ ನೋಡಿದಳು.

"ಇಲ್ಲಿ ಏನಿತ್ತು ಸರ್?"

ಅವಳು ಇನ್ನೊಮ್ಮೆ ಕೇಳಿದ್ದರೆ, ಅಥವಾ ಸಿಟ್ಟಿನಿಂದ ಕೂಗಿದ್ದರೆ, ಏನಾಗುತ್ತಿತ್ತೋ ಅವನಿಗೆ ಗೊತ್ತಿಲ್ಲ. ಅವಳು ಕೂಗಲಿಲ್ಲ. ಕಾದಳು.

"ಏನೂ ಇರ್ಲಿಲ್ಲ," ಎಂದ ಪ್ಯೋ.

ಅವಳು ಪತ್ರಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮೂರೂವರೆಯೂ ಸರಿ, ನಾಲ್ಕೂ ಸರಿ. ಪ್ಯೋಗೆ ಬಾಯಿಮಾತಿನ ಎಚ್ಚರಿಕೆ. ತಾಕ್ ಯೊನ್‌ಜು ನಡೆದದ್ದನ್ನು ವಿವರಿಸಿ, ಕ್ಷಮೆ ಕೋರಿ ಪತ್ರ ಬರೆದುಕೊಡಬೇಕು. ಎದ್ದು ಹೊರಡುವಾಗ ಕಾಮ್ ಪ್ಯೋನ ಭುಜ ತಟ್ಟಿ, "ವಯಸ್ಸಾಯ್ತು ಕಣ್ರೀ ನಮಗೂ," ಎಂದ. ಆ ಕೈ ಭುಜದ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇತ್ತು.

ತಿದ್ದಿದ ಪಟ್ಟಿಯನ್ನು ಎರಡು ದಿನದ ಮೇಲೆ ಅಂಟಿಸಿದರು. ಜುನ್‌ಸೊ ಎರಡನೆಯವನಾಗಿದ್ದ. ದಾನ್‌ಬಿ ಆರನೆಯವಳು. ಅವಳು ಪಟ್ಟಿಯ ಮುಂದೆ ಅಳಲಿಲ್ಲ. ನೇರ ಪ್ರಯೋಗಾಲಯದ ಪಕ್ಕದ ಕೋಣೆಗೆ ಬಂದು, ಬಾಗಿಲ ಹೊಸ್ತಿಲಲ್ಲೇ ನಿಂತಳು.

"ಸರ್, ನನ್ನ ಉತ್ತರ ತಪ್ಪಾ?"

"ತಪ್ಪಲ್ಲ. ನಿನ್ನ ಅಂಕ ಒಂದೂ ಕಡಿಮೆಯಾಗಿಲ್ಲ. ಬೇರೆಯವರದೂ ಸರಿ, ಅಷ್ಟೆ."

"ಮಧ್ಯಾಹ್ನ ಸಮುದ್ರ ಎರಡು ಸಲ ಉಬ್ಬಲ್ಲ ಸರ್."

ಅವನು ಫೈಲಿನಿಂದ ತಲೆ ಎತ್ತಲಿಲ್ಲ. "ಬೇರೆ ವಿಷಯದಲ್ಲಿ ಚೆನ್ನಾಗಿ ಓದು. ಮುಂದಿನ ವರ್ಷ ಇದೆಯಲ್ಲ."

"ಶಿಫಾರಸು ಜುನ್‌ಸೊಗಂತೆ. ಮುಂದಿನ ವರ್ಷಕ್ಕೆ ಏನಿರುತ್ತೆ?" ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಬರೀ ಲೆಕ್ಕ ಇತ್ತು. "ಅಜ್ಜಿ ಕೇಳಿದ್ರು, ಪರಿಶೀಲನೆ ಮಾಡಿದ್ದು ಯಾರು ಅಂತ. ನಿಮ್ಮ ಹೆಸರು ಹೇಳಿದೆ. ಪ್ಯೋ ಅನ್ನೋ ಮನೆತನ ನಮ್ಮೂರಲ್ಲಿ ಒಂದೇ ಇತ್ತಂತೆ, ಹೆಸರು ಕೇಳಿದ ತಕ್ಷಣ ಗೊಳ್ಳೆಂದು ನಕ್ಕುಬಿಟ್ರು. ಆಮೇಲೆ ಊಟ ಮಾಡಲಿಲ್ಲ."

"ನಿಮ್ಮಜ್ಜಿ ನನ್ನನ್ನ ಬೇರೆ ಯಾರೋ ಅಂದುಕೊಂಡಿದಾರೆ."

"ಹೌದು ಸರ್. ನಾನೂ ಹಾಗೇ ಅಂದುಕೊಂಡಿದ್ದೆ."

"ಕ್ಲಾಸಿಗೆ ಹೋಗು."

ಅವಳು ತಲೆಬಾಗಿಸದೆ ಹೋದಳು. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಅವನ ಮುಂದಿಂದ ಹಾಗೆ ಹೋಗಿರಲಿಲ್ಲ. ಕರೆದು ಬೈಯಬಹುದಿತ್ತು. ಅವನು ಅವಳ ಹೆಜ್ಜೆಯ ಸದ್ದು ಮೆಟ್ಟಿಲ ಕಡೆ ಇಳಿಯುವವರೆಗೆ ಫೈಲನ್ನೇ ನೋಡುತ್ತ ಕೂತ. ಅವಳು ಮತ್ತೆ ಆ ವರ್ಷ ಭೂವಿಜ್ಞಾನದ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ ಎಂದು ಆಮೇಲೆ ಯಾರೋ ಅಂದರು.

ಫೆಬ್ರವರಿಯಲ್ಲಿ ಯೊನ್‌ಜುವಿನ ಕರಾರನ್ನು ಮುಂದುವರಿಸಲಿಲ್ಲ. ಕಾರಣವನ್ನು ಯಾರೂ ಬರೆಯಲಿಲ್ಲ, ಕರಾರಿಗೆ ಕಾರಣ ಬೇಕಿಲ್ಲ. ಹೊರಡುವ ದಿನ ಅವಳು ರಟ್ಟಿನ ಡಬ್ಬಿ ಹೊತ್ತು ಕಾರಿಡಾರಿನಲ್ಲಿ ಎದುರಾದಳು. ಉಳಿದವರೆಲ್ಲ ತಮ್ಮ ತಮ್ಮ ಮೇಜುಗಳಲ್ಲಿ ಏನೋ ಹುಡುಕುತ್ತಿದ್ದರು. ಪ್ಯೋ ಗೋಡೆಗೆ ಸರಿದು ದಾರಿ ಬಿಟ್ಟ.

"ನೀವು ಅದನ್ನ ಬಿಡಿಸಿದ್ರಿ," ಎಂದಳು ಅವಳು, ನಿಲ್ಲದೆಯೇ. "ಹೇಗೆ ಅಂತ ನನಗೆ ಗೊತ್ತಿಲ್ಲ. ಆದ್ರೆ ಬಿಡಿಸಿದ್ರಿ."

"ಹೊರಗೆ ಹಿಮ ಬಿದ್ದಿದೆ," ಎಂದ ಅವನು. "ನಿಧಾನ ಇಳಿ."

ಮಾರ್ಚಿನಲ್ಲಿ ಹೊಸ ವರ್ಷದ ತರಗತಿಗಳು ಶುರುವಾದವು. ಭೂವಿಜ್ಞಾನವನ್ನು ಅವನಿಗೇ ಕೊಟ್ಟರು. ಉಬ್ಬರದ ಪಾಠ ಬಂದಾಗ ಅವನು ಪುಸ್ತಕದ ಸಾಲನ್ನು ಹಲಗೆಯ ಮೇಲೆ ಬರೆದು, ಹುಡುಗರಿಂದ ಮೂರು ಸಲ ಹೇಳಿಸಿದ. ಯಾರೂ ಕೈಯೆತ್ತಲಿಲ್ಲ. ಅರ್ಧಚಂದ್ರನ ದಿನ ಏನಾಗುತ್ತದೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅದು ಪರೀಕ್ಷೆಗೆ ಬರುವುದಿಲ್ಲ ಎನ್ನುತ್ತಿದ್ದ.

ಹದಿನೇಳನೆಯ ಪ್ರಶ್ನೆಗೆ ಉತ್ತರ ನಾಲ್ಕು ಗಂಟೆ ಎಂದೂ, ಅದು ತನಗೆ ಮೊದಲೇ ಗೊತ್ತಿತ್ತು ಎಂದೂ ಪ್ಯೋ ಇನ್‌ಹ್ವಾನ್ ಯಾರಿಗೂ, ಎಂದೂ ಹೇಳಲಿಲ್ಲ.